ಕ್ಯಾಂಟೀನ್ ಕೋಟಾ

ಶಾಲೆಯ ಮೀಟಿಂಗಿನಲ್ಲಿ ಹೇಳಿದರು:
ನಿಮ್ಮ ಮಕ್ಕಳ ಜೊತೆ ಮಾತಾಡಿ.
ಯಾರೋ ಹುಡುಗನ ಜಾಮಿಟ್ರಿ ಡಬ್ಬಿಯಲ್ಲಿ
ಕೋನಮಾಪಕದಡಿ ಪೊಟ್ಟಣ ಸಿಕ್ಕಿತ್ತಂತೆ.
ಅಪ್ಪಂದಿರೆಲ್ಲ ತಲೆಯಾಡಿಸಿದೆವು
ಒಟ್ಟಿಗೆ, ಪ್ಲಟೂನಿನ ಹಾಗೆ.
ಹೇಗೆ ಮಾತಾಡುವುದೆಂದು ಯಾರೂ ಕೇಳಲಿಲ್ಲ.

ಹದಿನೇಳು ವರ್ಷ ಆದೇಶ ಕೇಳಿದವನು,
ಆಮೇಲೆ ಕೊಟ್ಟವನು.
ಮಾತಾಡಿದ್ದು ಕಮ್ಮಿ.

ಆನೆಯಿಂದ ಶುರು ಮಾಡಿದೆ.
ನೋಡು ಚೋಂದಿ, ಹಲಸು ಹಣ್ಣಾಗುವ ಮೊದಲೇ
ಕಾಯೆಲ್ಲ ಕಡಿಸಿಬಿಟ್ಟೆನಲ್ಲ, ಯಾಕೆ?
ವಾಸನೆ ಎದ್ದರೆ ಆನೆ ಬರುತ್ತೆ,
ಒಮ್ಮೆ ಬಂದ ದಾರಿ ಅದು ಮರೆಯೋದಿಲ್ಲ.

ಅವಳು ಗೋಲ್‌ಕೀಪರ್ ಪ್ಯಾಡಿನ ಕೆಸರನ್ನು
ಹಳೇ ಚಮಚದಲ್ಲಿ ಕೆರೆಯುತ್ತಿದ್ದಳು.
ಅಪ್ಪಾ, ಗಾಂಜಾ ವಿಷಯ ತಾನೇ?
ಆನೇನ ಬಿಟ್ಟುಬಿಡು, ಪಾಪ.

ಮತ್ತೆ ಕೇಳಿದಳು: ಅದೇನು?
ಬೆರಳು ತೋರಿಸಲಿಲ್ಲ,
ಕೆಸರಿನ ಚಮಚ ತೋರಿಸಿದಳು.
ಮೇಜಿನ ಮೇಲೆ ನನ್ನ ಸ್ಟೀಲ್ ಲೋಟ,
ರಾತ್ರಿ ಎಂಟರ ರಮ್ಮು.

ಇದು ಸರ್ಕಾರವೇ ಕೊಡೋದು.
ಇದಿಲ್ಲದೆ ಹಿರಿಯರಿಗೆ ಮೀದಿ ಇಡೋಕಾಗುತ್ತಾ.
ಇದಕ್ಕೆ ಲೆಕ್ಕ ಇದೆ, ಕಾರ್ಡಿದೆ, ತಿಂಗಳ ಕೋಟಾ ಇದೆ.
ಮೂರು ಉತ್ತರ ಹೊಡೆದೆ, ಒಂದರ ಹಿಂದೊಂದು.
ಎದ್ದು ನಿಲ್ಲದೆ ಮೂರನ್ನೂ ತಡೆದಳು.

ಆಗ, ಹೇಳಬಾರದೆಂದುಕೊಂಡಿದ್ದನ್ನು ಹೇಳಿದೆ.

ನಿನಗೆ ನಾಲ್ಕು ವರ್ಷ. ನನ್ನ ಬೆನ್ನು ಮುರಿದು
ಮನೆಗೆ ಬಂದಿದ್ದೆ. ನೋವಿಗೆ ಮಾತ್ರೆ ಕೊಟ್ಟಿದ್ದರು.
ಬೆನ್ನು ವಾಸಿಯಾಯಿತು, ಮಾತ್ರೆ ವಾಸಿಯಾಗಲಿಲ್ಲ.
ಆಸ್ಪತ್ರೆಯವರು ನಿಲ್ಲಿಸಿದ ಮೇಲೆ ಬೇರೆಯವರು ಕೊಟ್ಟರು,
ನಾನು ಕೋವಿಯ ಚೀಲದಲ್ಲಿ ಬಚ್ಚಿಟ್ಟೆ.
ಕೈಲ್ ಪೊಳ್ದಿನ ದಿನ
ಕೋವಿಗೆ ತೋಕ್ ಪೂ ಸಿಕ್ಕಿಸಲೆಂದು
ನಿನ್ನ ಅವ್ವ ಚೀಲ ಬಿಚ್ಚಿದಳು.
ಉದುರಿದ್ದನ್ನೆಲ್ಲ ಹೆಕ್ಕಿ ಸೆರಗಿಗೆ ಕಟ್ಟಿಕೊಂಡಳು,
ಹೂವು ಸಿಕ್ಕಿಸಿದಳು, ಕಡಂಬಿಟ್ಟು ಬಡಿಸಿದಳು.
ಮರುದಿನ ಮೈಸೂರಿನ ಬಸ್ಸು.
ತಿತಿಮತಿ ದಾಟುವ ಮೊದಲೇ ನೀನು ವಾಂತಿ,
ಪಕ್ಕದ ಕಿಟಕಿಯಲ್ಲಿ ನಾನು.

ಅದು ಜಾಂಡೀಸ್ ಅಂತಿದ್ರಲ್ಲ?

ಅಲ್ಲ.

ಸೋಲಾರ್ ಬೇಲಿ ಟಿಕ್ ಟಿಕ್ ಎನ್ನುತ್ತಿತ್ತು.
ಚಮಚ ನಿಂತಿತ್ತು.

ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬರು ಕೊಟ್ಟರು, ಅಂದಳು,
ನಾನು ಸೇದಲಿಲ್ಲ.
ಒಂದು ಪ್ಯಾಡು ಪೂರ್ತಿ ಕೆರೆದಾದ ಮೇಲೆ:
ಒಂದ್ಸಲ ಸೇದಿದೆ. ಬರೀ ಕೆಮ್ಮು ಬಂತು.
ಹೇಳಿದ್ರೆ ಕೋವಿ ತೆಗೀತೀಯ ಅಂದ್ಕೊಂಡೆ.
ಯಾರು ಅಂತ ಹೇಳಲ್ಲ.

ಬೇಡ, ಅಂದೆ.
ಗಂಟಲಲ್ಲಿ ಹತ್ತು ಆದೇಶ ಸಾಲಾಗಿ ನಿಂತಿದ್ದವು,
ಬೂಟು ಕಟ್ಟಿಕೊಂಡು.
ಇನ್ನೊಂದು ಪ್ಯಾಡನ್ನು ಎಳೆದುಕೊಂಡು
ಬೆಂಕಿಕಡ್ಡಿಯಲ್ಲಿ ಹೊಲಿಗೆಯ ಕೆಸರು ತೆಗೆಯತೊಡಗಿದೆ.
ಕೆಲವು ಹೊಲಿಗೆ ಬಿಟ್ಟಿದ್ದವು. ಅದರ ಬಗ್ಗೆ ಮಾತಾಡಿದೆವು,
ದಪ್ಪ ದಾರ ಬೇಕು, ದಬ್ಬಣ ಎಲ್ಲಿದೆ.

ಲೋಟ ಚೆಲ್ಲಿಬಿಟ್ಟೆ ಅಂದರೆ ಸುಳ್ಳಾಗುತ್ತದೆ.
ಆ ರಾತ್ರಿ ಮುಟ್ಟಲಿಲ್ಲ, ಅಷ್ಟೇ.
ಬೆಳಿಗ್ಗೆ ಅದರಲ್ಲೊಂದು ನುಸಿ ತೇಲುತ್ತಿತ್ತು.

ಸೋಮವಾರ ಶಾಲೆಯ ಗೇಟಿನಲ್ಲಿ ಜೀಪಿನಿಂದ ಇಳಿದವಳು
ಕಿಟಕಿಗೆ ಮುಖ ತಂದು ಕೇಳಿದಳು:
ಆನೆ ನಿಜವಾಗ್ಲೂ ದಾರಿ ಮರೆಯಲ್ವಾ?

ಮರೆಯಲ್ಲ.
ಕೆಲವು ಮಾತ್ರ ಬರೋದನ್ನ ಬಿಡ್ತವೆ.
ಯಾಕೆ ಅಂತ ನಂಗೂ ಗೊತ್ತಿಲ್ಲ.

ಹಿಂದಿನ ಕಾರು ಹಾರನ್ ಹೊಡೆಯಿತು.
ಒಂದನೇ ತಾರೀಕು ಬಂದರೆ ಕ್ಯಾಂಟೀನಿನ ಸಾಲು,
ಕಾರ್ಡು ಜೀಪಿನ ಡ್ಯಾಶ್‌ಬೋರ್ಡಿನಲ್ಲೇ ಇದೆ.
ಈ ಸಲ ಅವಳನ್ನೂ ಕೇಳಬೇಕು ಅಂದುಕೊಂಡಿದ್ದೇನೆ.